ಬಾಲಹರಕಿ ಎಷ್ಟು ಸಲ ಹತ್ತಿದಳು

ಜೂನ್ 3

ಅಣ್ಣಾ,

ನಿನ್ನ ಪತ್ರ ಬಂತು. ಮೊದಲೆಲ್ಲ ನಿನ್ನ ಪತ್ರವೆಂದರೆ ಲಕೋಟೆ ಒಡೆಯುವ ಮೊದಲೇ ಮೀನಿನ ವಾಸನೆ ಹೊಡೆಯುತ್ತಿತ್ತು. ಪಕ್ಕದ ಮನೆಯ ಬೆಕ್ಕು ನನ್ನ ಕಿಟಕಿಗೆ ಬಂದು ಕೂರುತ್ತಿತ್ತು. ಈಗ ಮೂರು ವರ್ಷದಿಂದ ಬರೀ ಸೋಪಿನ ವಾಸನೆ. ಅತ್ತಿಗೆ ಕೊನೆಗೂ ನಿನ್ನನ್ನು ಕೈ ತೊಳೆಯುವ ಮನುಷ್ಯನನ್ನಾಗಿ ಮಾಡಿದರು ಅಂತಾಯಿತು. ಬೆಕ್ಕಿಗೆ ಮಾತ್ರ ಬೇಜಾರು.

ಫೋನ್ ಯಾಕೆ ಮಾಡಲ್ಲ ಅಂತ ಕೇಳಿದ್ದೀಯ. ಫೋನಿನಲ್ಲಿ ನೀನು "ಊಟ ಆಯ್ತಾ, ಆರಾಮಾ" ಅಂತ ಕೇಳಿ ಇಟ್ಟುಬಿಡುತ್ತೀಯ. ಪತ್ರದಲ್ಲಾದರೆ ಎರಡು ಪುಟ ಕೊಚ್ಚಿಕೊಳ್ಳುತ್ತೀಯ. ಪತ್ರವೇ ವಾಸಿ.

ಇನ್ನೊಂದು. ನೀನು ಅಲ್ಲಿ ಎಲ್ಲರಿಗೂ "ನನ್ನ ತಂಗಿ ಡ್ಯಾಮಲ್ಲಿ ಕೂತ್ಕೊಂಡು ಕಿಟಕಿ ನೋಡ್ತಾಳೆ" ಅಂತ ಹೇಳಿದ್ದೀಯಂತೆ. ಹೇಳುವುದಾದರೆ ಸರಿಯಾಗಿ ಹೇಳು. ಅಣೆಕಟ್ಟಿನ ಪಕ್ಕದಲ್ಲಿ ಅರವತ್ತೆರಡು ತೊಟ್ಟಿಗಳನ್ನು ಮೆಟ್ಟಿಲಿನ ಹಾಗೆ ಕಟ್ಟಿದ್ದಾರೆ. ಕೆಳಗಿನ ಹೊಳೆಯ ಮೀನು ಒಂದೊಂದೇ ತೊಟ್ಟಿ ಹಾರಿ ಮೇಲೆ ಬಂದು ಹಿನ್ನೀರಿಗೆ ಸೇರುತ್ತದೆ. ಅಲ್ಲಿಂದ ಈಜಿ ನಿಮ್ಮ ಕಡೆ ಬಂದು ಸಣ್ಣಕಲ್ಲಿನ ಹಾಸಿನಲ್ಲಿ ತತ್ತಿ ಇಡುತ್ತದೆ. ಕೊನೆಯ ತೊಟ್ಟಿಯ ಪಕ್ಕದಲ್ಲಿ ನನ್ನ ಕೋಣೆ. ಮೂರು ಗೋಡೆ ಕಾಂಕ್ರೀಟು, ನಾಲ್ಕನೆಯದು ಗಾಜು. ಗಾಜಿನಾಚೆ ಒಂದು ಕೆಂಬಾಲದ ಮೀನು ಹೋದರೆ ಬೆರಳಿನ ಕೆಳಗಿನ ಯಂತ್ರವನ್ನು ಒಮ್ಮೆ ಒತ್ತುತ್ತೇನೆ. ಕಳೆದ ವರ್ಷ ಒತ್ತಿದ್ದು ಹನ್ನೊಂದು ಸಾವಿರದ ಇನ್ನೂರ ನಲವತ್ತು ಸಲ. ಆರು ವರ್ಷದಲ್ಲಿ ಒಂದು ದಿನವೂ ತೂಕಡಿಸಿಲ್ಲ.

ವರ್ಷದ ವರದಿ ಬರೆಯುವಾಗ ಸಾಹೇಬರು ಕೇಳಿದರು, "ಮೇಲೆ ನಿಮ್ಮಣ್ಣ ಇದ್ದಾನಲ್ಲ, ಮೀನು ಬರ್ತಿದೆಯಂತಾ?" ನಿನ್ನ ಪತ್ರ ತೋರಿಸಿದೆ. ಖುಷಿಯಾಗಿ ಅದನ್ನೂ ಒಂದು ಸಾಲು ಬರೆದುಕೊಂಡರು.

ಈವತ್ತು ಒಂದು ಹೆಣ್ಣುಮೀನು ಬಂತು. ಬಾಲದ ಮೇಲಿನ ಅರ್ಧ ಹರಿದು ಬಾಚಣಿಗೆಯ ಹಾಗಾಗಿದೆ. "ಬಾಲಹರಕಿ ಬಂದಳು ನೋಡಿ" ಅಂದೆ. ಸಾಹೇಬರು ಹಿಂದೆಯೇ ಇದ್ದರು. "ಹೆಸರಿಡಬೇಡಮ್ಮಾ, ಎಣಿಸು" ಅಂದರು. ಅದು ಇಲ್ಲಿಯ ನಿಯಮ. ಎಣಿಸುವವರು ಗುರುತು ಹಿಡಿಯಬಾರದು.

ಅತ್ತಿಗೆಗೆ ನಮಸ್ಕಾರ ತಿಳಿಸು.

ನಿನ್ನ ತಂಗಿ


ಜೂನ್ 9

ಲೆಕ್ಕದಮ್ಮನಿಗೆ,

ಬೆಕ್ಕಿನ ಹತ್ತಿರ ನಾನು ಕ್ಷಮೆ ಕೇಳಿದೆ ಅಂತ ಹೇಳು. ಸೋಪು ನಿಮ್ಮ ಅತ್ತಿಗೆಯ ಕಾಟ. ಮದುವೆಯಾದ ಹೊಸದರಲ್ಲಿ ಮೀನಿನ ವಾಸನೆ ಅಂದರೆ ಮೂಗು ಮುಚ್ಚುತ್ತಿರಲಿಲ್ಲ, ಈಗ ಶುರುವಾಗಿದೆ.

ಮೀನಿನ ವಿಷಯ ಕೇಳಬೇಡ ಮಾರಾಯ್ತಿ! ಮೊನ್ನೆ ಬಲೆ ಎತ್ತಲು ಇಬ್ಬರು ಸಾಲದೆ ಮೂರನೆಯವನನ್ನು ಕರೆದೆವು. ದೋಣಿಯಲ್ಲಿ ನಮಗೆ ಕೂರಲು ಜಾಗ ಇಲ್ಲದೆ ಒಬ್ಬ ಈಜಿಕೊಂಡು ಬಂದ. ಕಲ್ಲಿನ ಹಾಸಿನ ಮೇಲೆ ಕಾಲಿಟ್ಟರೆ ಕಲ್ಲು ಸಿಗುವುದಿಲ್ಲ, ಮೀನೇ ಸಿಗುತ್ತದೆ. ಆದರೆ ಅಪ್ಪನ ಮಾತು ಮೀರಿಲ್ಲ. ತತ್ತಿ ಇಡುವಾಗ ಹಾಸಿನ ಮೇಲೆ ಬಲೆ ಬೀಸುವುದಿಲ್ಲ. ತತ್ತಿ ಇಟ್ಟು ತಿರುಗಿ ಬರುವಾಗ ಕೆಳಗಿನ ಮಡುವಿನಲ್ಲಿ ಹಿಡಿಯುತ್ತೇವೆ.

ನಿಮ್ಮ ಸಾಹೇಬರು ನನ್ನ ಮಾತನ್ನು ವರದಿಯಲ್ಲಿ ಹಾಕಿಕೊಂಡರೇ? ಹಾಗಾದರೆ ನಾನೂ ದೊಡ್ಡ ಮನುಷ್ಯನಾದೆ. ಅವರಿಗೆ ಹೇಳು, ಬೇಕಿದ್ದರೆ ಇನ್ನೂ ನಾಲ್ಕು ಸಾಲು ಕೊಡುತ್ತೇನೆ.

ಮೈ ಕಡೆ ನೋಡಿಕೋ. ಆ ಗುಹೆಯಲ್ಲಿ ಕೂತು ಕೂತು ನೀನೇ ಮೀನಾಗಿಬಿಟ್ಟೀಯ.

ಅಣ್ಣ


ಜೂನ್ 21

ಅಣ್ಣಾ,

ನಗುವ ಹೊತ್ತಲ್ಲ ಇದು. ಎರಡು ಸಲ ಓದು.

ನಿಮ್ಮ ಕಲ್ಲಿನ ಹಾಸಿಗೆ ಕಳೆದ ತಿಂಗಳು ಪರೀಕ್ಷೆಯವರು ಬಂದಿದ್ದರಲ್ಲ, ಅವರ ಕಾಗದ ನಮ್ಮ ಕಚೇರಿಗೆ ಬಂದಿದೆ. ಹಾಸಿನಲ್ಲಿ ಕೆಂಬಾಲದ ಮರಿಗಳೇ ಇಲ್ಲವಂತೆ. ಜಾಲರಿ ಹಾಕಿ ಜಾಲಿಸಿದರೂ ಬೆರಳೆಣಿಕೆ. ಮೆಟ್ಟಿಲು ಹತ್ತಿದ್ದು ಹನ್ನೊಂದು ಸಾವಿರ, ಮರಿ ಮಾಡಿದ್ದು ಯಾವುದೂ ಇಲ್ಲ. ಹಾಗಾದರೆ ನಡುವೆ ಅವು ಎಲ್ಲಿ ಹೋದವು? ಮೇಲ್ದಂಡೆಯವರ ಬಲೆಗೆ ಅಂತ ಬರೆದಿದ್ದಾರೆ. ಅದಕ್ಕೆ ಸಾಕ್ಷಿಯಾಗಿ ನಿನ್ನದೇ ಮಾತು: ಮೇಲ್ದಂಡೆಯ ಮೀನುಗಾರರೇ ಬಲೆ ತುಂಬ ಹಿಡಿಯುತ್ತಿರುವುದಾಗಿ ಒಪ್ಪಿದ್ದಾರೆ, ಅಂತ.

ನಿಮ್ಮ ಹದಿನಾಲ್ಕು ದೋಣಿಗಳ ಪರವಾನಗಿಯನ್ನು ಐದು ವರ್ಷ ರದ್ದು ಮಾಡುವ ಪ್ರಸ್ತಾಪ ಇದೆ. ಜುಲೈ ಮೂವತ್ತಕ್ಕೆ ನಿಮ್ಮ ಶಾಲೆಯ ಹಾಲಿನಲ್ಲಿ ವಿಚಾರಣೆ.

ಈಗ ನಿಜ ಹೇಳು. ತತ್ತಿ ಹೊತ್ತ ಮೀನನ್ನು ಹಿಡಿಯುತ್ತಿದ್ದೀರಾ? ಅಪ್ಪನ ಮಾತು ಮೀರಿಲ್ಲ ಅಂತ ಯಾರೂ ಕೇಳದೆ ನೀನೇ ಬರೆದಿದ್ದೀಯ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ನನ್ನ ಲೆಕ್ಕದಲ್ಲಿ ತಪ್ಪಿಲ್ಲ. ಇಷ್ಟು ಮೀನು ನನ್ನ ಕಣ್ಣೆದುರೇ ಹೋಗಿವೆ. ಮೇಲೆ ಇಲ್ಲ ಅಂದರೆ ಮೇಲಿನವರು ಉತ್ತರ ಹೇಳಬೇಕು.

ತಂಗಿ


ಜೂನ್ 24

ತಂಗೀ,

ಓದಿದೆ. ಎರಡಲ್ಲ, ನಾಲ್ಕು ಸಲ ಓದಿದೆ.

ನೀನು ಗಾಜಿನ ಹಿಂದೆ ಕುರ್ಚಿ ಹಾಕಿಕೊಂಡು ಕೂತವಳು. ಹೊಳೆಯಲ್ಲಿ ಕಾಲಿಟ್ಟು ಎಷ್ಟು ವರ್ಷವಾಯಿತು? ನನಗೆ ಕಳ್ಳ ಅನ್ನುತ್ತೀಯ. ಅಪ್ಪನ ದೋಣಿ ಹಿಡಿದವನು ನಾನು, ಅಪ್ಪನ ಮಾತು ನನಗೆ ಹೇಳಿಕೊಡಬೇಡ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಿಮ್ಮ ಕಚೇರಿಯವರು. ಹನ್ನೊಂದು ಸಾವಿರ ಅಂದರೆ ಹನ್ನೊಂದು ಸಾವಿರ. ಆ ಯಂತ್ರ ಒತ್ತಿ ಒತ್ತಿ ನಿನ್ನ ಬೆರಳಿಗೆ ಚಟ ಹಿಡಿದಿರಬೇಕು.

ನಿನ್ನ ಲೆಕ್ಕ ಸುಳ್ಳು. ಹೇಗೆ ಅಂತ ನನಗೆ ಗೊತ್ತಿಲ್ಲ. ಸುಳ್ಳು ಅಂತ ಮಾತ್ರ ಗೊತ್ತು.

ಇನ್ನು ವಿಚಾರಣೆ ಮುಗಿಯುವ ತನಕ ಬರೆಯಬೇಡ.

ಅಣ್ಣ

(ಲಕೋಟೆಯೊಳಗೆ ಮಡಿಸಿಟ್ಟ ಇನ್ನೊಂದು ಚೀಟಿ)

ನೋಡಮ್ಮಾ, ನಾನು ನಿಮ್ಮತ್ತಿಗೆ. ಲಕೋಟೆ ಅಂಟಿಸೋದು ನಾನೇ ಆದ್ದರಿಂದ ಇದನ್ನ ಒಳಗೆ ಹಾಕ್ತಿದ್ದೀನಿ, ನಿಮ್ಮಣ್ಣನಿಗೆ ಗೊತ್ತಿಲ್ಲ. ಇವರು ಮೂರು ವರ್ಷದಿಂದ ಬಸ್ ಡಿಪೋದಲ್ಲಿ ಬಸ್ ತೊಳೀತಾರೆ. ಆ ಸೋಪು ಅದು, ನನ್ನದಲ್ಲ. ಸುಮ್ಮನೆ ನನ್ನ ಮೇಲೆ ಹಾಕಿದಾರೆ. ಹೋದ ವರ್ಷ ಇಡೀ ಕಾಲದಲ್ಲಿ ಸಿಕ್ಕಿದ್ದು ಆರು ಮೀನು. ತಂಗಿ ಹತ್ರ ಹೇಳಿ ಅಂದ್ರೆ, "ಅವಳು ಅಷ್ಟೊಂದು ಎಣಿಸಿ ಕಳಿಸ್ತಾಳೆ, ನನಗೆ ಹಿಡಿಯೋಕೆ ಬರಲ್ಲ ಅಂತ ಹೇಳ್ಕೊಳ್ಳಲಾ?" ಅಂತಾರೆ. ಬಿದ್ದರೂ ಮೀಸೆ ಮಣ್ಣಾಗಬಾರದು ಇವರಿಗೆ. ನಾನು ಹೇಳಿದೆ ಅನ್ನಬೇಡಿ. ಅವರ ಬಾಯಿಂದಲೇ ಬರಲಿ.


ಜೂನ್ 28

ಅಣ್ಣಾ,

ಬರೆಯಬೇಡ ಅಂದಿದ್ದೀಯ. ಬರೆಯುತ್ತಿದ್ದೇನೆ. ಚಿಕ್ಕಂದಿನಿಂದಲೂ ನಿನ್ನ ಮಾತು ಕೇಳಿದವಳಲ್ಲ.

ಕಳ್ಳ ಅಂದದ್ದು ತಪ್ಪು. ಅದನ್ನು ವಾಪಸ್ ತೆಗೆದುಕೊಂಡೆ.

ನಿನಗೆ ಒಂದು ವಿಷಯ ಹೇಳಿಲ್ಲ. ಜೂನ್ ಮೂರಕ್ಕೆ ಬಂದಳು ಅಂದೆನಲ್ಲ, ಬಾಲಹರಕಿ, ಆಕೆ ಎಂಟಕ್ಕೆ ಮತ್ತೆ ಬಂದಳು. ಹದಿನಾಲ್ಕಕ್ಕೆ, ಇಪ್ಪತ್ತೆರಡಕ್ಕೆ, ನಿನ್ನೆ. ಐದು ಸಲ. ಪ್ರತಿ ಸಲವೂ ಕೆಳಗಿನಿಂದ ಮೇಲಕ್ಕೇ ಹೋದಳು. ಒಂದು ಸಲವೂ ನನ್ನ ಕಿಟಕಿಯಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯಲಿಲ್ಲ. ಮೊದಲು ನನಗೆ ನಾನೇ ಸಮಾಧಾನ ಹೇಳಿಕೊಂಡೆ, ಬಾಲ ಹರಿದ ಮೀನು ಊರಲ್ಲಿ ಒಂದೇ ಇರಬೇಕೇ ಅಂತ. ಆದರೆ ಹರಿದ ಅಂಚು ಒಂದೇ ಥರ, ಕಿವಿರಿನ ಹಿಂದಿನ ಬಿಳಿ ಚುಕ್ಕೆ ಒಂದೇ ಥರ. ಐದು ಸಲವೂ ಯಂತ್ರ ಒತ್ತಿದೆ. ಒಂದೇ ಮೀನನ್ನು ಐದು ಅಂತ ಬರೆದೆ.

ನಿಜ ಹೇಳಬೇಕೆಂದರೆ ಇಂಥದು ಕೆಲಸಕ್ಕೆ ಸೇರಿದ ಎರಡನೇ ವರ್ಷವೂ ಒಮ್ಮೆ ಕಂಡಿತ್ತು, ತುಟಿ ಸೀಳಿದ ಒಂದು. ಸಾಹೇಬರಿಗೆ ಹೇಳಿದ್ದೆ. "ಗುರುತು ಹಿಡೀಬೇಡ ಅಂದಿಲ್ವಾ" ಅಂದರು. ಸುಮ್ಮನಾದೆ. ಸುಮ್ಮನಾಗುವುದು ಸುಲಭವಿತ್ತು, ಯಾಕೆಂದರೆ ಪ್ರತಿ ವರ್ಷ ನೀನು ಬಲೆ ತುಂಬಿತು ಅಂತ ಬರೆಯುತ್ತಿದ್ದೆ. ಅಣ್ಣನಿಗೆ ಸಿಗುತ್ತಿದೆ ಅಂದ ಮೇಲೆ ನನ್ನ ಲೆಕ್ಕ ಸರಿಯೇ ಅಂದುಕೊಂಡೆ.

ಆದ್ದರಿಂದ ಈಗ ಒಂದೇ ಪ್ರಶ್ನೆ. ಕಳೆದ ವರ್ಷ ನಿನ್ನ ಬಲೆಗೆ ಬಿದ್ದದ್ದು ಎಷ್ಟು? ಒಂದೊಂದೇ ಎಣಿಸಿ ಬರೆ.

ತಂಗಿ


ಜುಲೈ 2

ತಂಗೀ,

ಆರು.

ಅದರ ಹಿಂದಿನ ವರ್ಷ ಹತ್ತೊಂಬತ್ತು. ಅದಕ್ಕೂ ಹಿಂದೆ ಎಣಿಸಿಲ್ಲ, ಕಡಿಮೆಯಾಗುತ್ತಿದೆ ಅಂತ ಎಣಿಸಲು ಮನಸ್ಸು ಬರಲಿಲ್ಲ.

ನಾನು ಬಸ್ ತೊಳೆಯುತ್ತೇನೆ. ಡಿಪೋದಲ್ಲಿ ದಿನಕ್ಕೆ ಇಪ್ಪತ್ತೆರಡು ಬಸ್ಸು. ದೋಣಿ ಅಂಗಳದಲ್ಲಿ ಮಗುಚಿಟ್ಟಿದೆ, ಅತ್ತಿಗೆ ಅದರ ಮೇಲೆ ಬಟ್ಟೆ ಒಣಗಿಸುತ್ತಾಳೆ. ಮೂರು ವರ್ಷದಿಂದ ನಿನಗೆ ಬರೆದದ್ದೆಲ್ಲ ಬೊಗಳೆ. ಮೂರನೆಯವನನ್ನು ಕರೆದೆವು, ಒಬ್ಬ ಈಜಿಕೊಂಡು ಬಂದ, ಎಲ್ಲ ಬೊಗಳೆ. ಬರೆಯುವಾಗ ಮಾತ್ರ ಒಂದರ್ಧ ಗಂಟೆ ದೋಣಿಯಲ್ಲಿದ್ದ ಹಾಗೆ ಇರುತ್ತಿತ್ತು. ಅದು ಕಚೇರಿಯ ಕಾಗದಕ್ಕೆ ಏರಿ ಹದಿನಾಲ್ಕು ಮನೆಯ ಕುತ್ತಿಗೆಗೆ ಬರುತ್ತದೆ ಅಂತ ನನಗೇನು ಗೊತ್ತು. ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಅಪ್ಪ ನನಗೇ ಹೇಳುತ್ತಿದ್ದದ್ದು.

ಇರಲಿ. ಆ ಮೀನಿನ ಬಗ್ಗೆ ಬಸ್ ತೊಳೆಯುತ್ತ ಯೋಚಿಸಿದೆ. ಮೆಟ್ಟಿಲಿನಿಂದ ಇಳಿಯದೆ ಕೆಳಗೆ ಬಂದಿದೆ ಅಂದರೆ ನೀರಿನ ಜೊತೆ ಬಿದ್ದು ಬಂದಿದೆ. ನಿಮ್ಮ ಅಣೆಕಟ್ಟಿನಲ್ಲಿ ಈಗ ಯಾವ ಗೇಟು ತೆರೆದಿದ್ದಾರೆ? ಮೆಟ್ಟಿಲಿನ ಮೇಲಿನ ಬಾಯಿ ಆ ಗೇಟಿಗೆ ಎಷ್ಟು ದೂರ? ಮೀನಿಗೆ ಹರಿವು ಬೇಕು. ಹಿನ್ನೀರು ನಿಂತ ನೀರು, ಅಲ್ಲಿ ಅದಕ್ಕೆ ದಿಕ್ಕು ತಿಳಿಯುವುದಿಲ್ಲ. ಹತ್ತಿ ಸುಸ್ತಾಗಿ ಹೊರಬಂದದ್ದನ್ನು ಹತ್ತಿರದ ಗೇಟಿನ ಸೆಳೆತ ಎಳೆದುಕೊಳ್ಳುತ್ತದೆ.

ಜೊತೆಗೆ ಕಿತ್ತಳೆ ಬಣ್ಣದ ಬಲೆ ದಾರ ಕಳಿಸಿದ್ದೇನೆ, ನೈಲಾನು, ಕೊಳೆಯುವುದಿಲ್ಲ. ಸೂಜಿಯಲ್ಲಿ ಬೆನ್ನಿನ ರೆಕ್ಕೆಯ ಬುಡಕ್ಕೆ ಹಾಯಿಸಿ ಅಪ್ಪನ ಗಂಟು ಹಾಕು. ಮರೆತಿಲ್ಲ ತಾನೆ? ಒಣಗೈಯಲ್ಲಿ ಮೀನು ಮುಟ್ಟಬೇಡ, ಮೈ ಮೇಲಿನ ಲೋಳೆ ಹೋದರೆ ಹುಣ್ಣಾಗುತ್ತದೆ. ಒಮ್ಮೆ ದಾರ ಕಟ್ಟಿ ಮೇಲೆ ಬಿಟ್ಟ ಮೀನು ಮತ್ತೆ ನಿನ್ನ ಕಿಟಕಿಗೆ ಬರಬಾರದು. ಬಂದರೆ ಬಿದ್ದು ಬಂತು ಅಂತ ಅರ್ಥ.

ಅಣ್ಣ


ಜುಲೈ 17

ಅಣ್ಣಾ,

ಬಸ್ಸಿನ ವಿಷಯಕ್ಕೆ ಏನೂ ಹೇಳುವುದಿಲ್ಲ. ಇಷ್ಟು ಮಾತ್ರ: ಅದನ್ನೂ ನೀನು ಬರೆಯಬಹುದಿತ್ತು. ಇಪ್ಪತ್ತೆರಡು ಬಸ್ಸಿನ ಕಥೆಯೂ ನನಗೆ ರುಚಿಸುತ್ತಿತ್ತು. ಅತ್ತು ಮುಗಿಸಿ ಇದನ್ನು ಬರೆಯುತ್ತಿದ್ದೇನೆ.

ಈಗ ಕೆಲಸದ ಮಾತು.

ಅಣೆಕಟ್ಟಿಗೆ ಏಳು ಗೇಟು. ಹೆಚ್ಚಿನ ನೀರು ಬಿಡುವುದು ಯಾವಾಗಲೂ ಒಂದನೇ ಗೇಟಿನಿಂದ. ಮೆಟ್ಟಿಲಿನ ಮೇಲಿನ ಬಾಯಿಗೂ ಅದಕ್ಕೂ ಇಪ್ಪತ್ತೆರಡು ಹೆಜ್ಜೆ, ನಡೆದು ನೋಡಿದೆ. ಒಂದನೆಯದೇ ಯಾಕೆ ಅಂತ ಗೇಟು ನೋಡಿಕೊಳ್ಳುವ ಹಿರಿಯರನ್ನು ಕೇಳಿದೆ. ನಾನು ಅವರನ್ನು ಮಾವ ಅನ್ನುತ್ತೇನೆ. ಕಚೇರಿಯ ಆದೇಶ ಇರಬೇಕು, ಏನೋ ದೊಡ್ಡ ಕಾರಣ ಇರಬೇಕು ಅಂದುಕೊಂಡಿದ್ದೆ.

ಮಾವ ಹೇಳಿದ್ದು ಇದು: "ಆದೇಶ ಏನಿಲ್ಲಮ್ಮ. ಯಾವ್ದಾದ್ರೂ ತೆಗಿ ಅಂತಾರೆ. ನನ್ನ ಕುರ್ಚಿ, ನನ್ನ ಟೀ ಕೆಟಲ್ಲು ಇಲ್ಲೇ ಇದೆ. ಏಳನೇ ಗೇಟಿನ ತನಕ ನಡೆಯೋಕೆ ಈ ಮಂಡಿ ಬಿಡಬೇಕಲ್ಲ!"

ಅಷ್ಟೇ ಅಣ್ಣಾ. ಒಂದು ಮಂಡಿ ನೋವು. ಆರು ವರ್ಷದಿಂದ ನಾನು ಈ ಕಡೆ ಎಣಿಸುತ್ತಿದ್ದೆ, ಅವರು ಆ ಕಡೆ ಅದೇ ಮೀನನ್ನು ಕೆಳಗೆ ಕಳಿಸುತ್ತಿದ್ದರು. ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಕೂತು ಟೀ ಕುಡಿಯುತ್ತಿದ್ದೆವು. ಇದಕ್ಕೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಾವನಿಗೆ ವಿಷಯ ಹೇಳಿದಾಗ ಕೆಟಲ್ ಕೆಳಗಿಟ್ಟು, "ಅಯ್ಯೋ ನನ್ನ ಕೈಯಲ್ಲೇ ಆಯ್ತಾ" ಅಂದರು. ಆ ದಿನ ಟೀ ಮಾಡಲಿಲ್ಲ.

ಪ್ರತಿ ಸೋಮವಾರ ಮೆಟ್ಟಿಲಿನ ನೀರು ನಿಲ್ಲಿಸಿ ಕಸದ ಜಾಲರಿ ತೊಳೆಯುತ್ತೇವೆ. ಆಗ ಮೇಲಿನ ತೊಟ್ಟಿಯಲ್ಲಿ ಉಳಿದ ಮೀನುಗಳನ್ನು ಬಕೆಟ್ಟಿನಲ್ಲಿ ಎತ್ತಿ ಹಿನ್ನೀರಿಗೆ ಬಿಡುವುದು ನನ್ನದೇ ಕೆಲಸ. ಎರಡು ಸೋಮವಾರದಲ್ಲಿ ನಲವತ್ತಕ್ಕೆ ದಾರ ಕಟ್ಟಿದೆ. ಮಾವ ಬಕೆಟ್ ಹಿಡಿದರು. ಅಪ್ಪನ ಗಂಟು ಮೊದಲ ಮೂರಕ್ಕೆ ಜಾರಿತು, ಆಮೇಲೆ ಕೈಗೇ ನೆನಪಾಯಿತು. ಬಾಲಹರಕಿಯೂ ಸಿಕ್ಕಳು. ಆಕೆಗೂ ಕಟ್ಟಿದೆ.

ಆ ನಲವತ್ತರಲ್ಲಿ ಒಂದೂ ಮತ್ತೆ ಕಿಟಕಿಗೆ ಬರಬಾರದಿತ್ತು. ನಿನ್ನೆ ಸಂಜೆಯ ತನಕ ಕಿತ್ತಳೆ ದಾರ ನನ್ನ ಗಾಜಿನೆದುರು ಹಾದುಹೋದದ್ದು ಐವತ್ತೇಳು ಸಲ.

ಹಾಗಾದರೆ ಕಳೆದ ವರ್ಷದ ಹನ್ನೊಂದು ಸಾವಿರದಲ್ಲಿ ನಿಜವಾದ ಮೀನು ಎಷ್ಟು? ರಿಜಿಸ್ಟರಿನಲ್ಲಿ ಮೊದಲ ಬಾರಿ "ಗೊತ್ತಿಲ್ಲ" ಅಂತ ಬರೆದೆ.

ತಂಗಿ


ಜುಲೈ 20

ತಂಗೀ,

ಡಿಪೋದಲ್ಲಿ ಪಾಳಿ ಬದಲಿಸಿಕೊಂಡು ಎಂಟು ದಿನ ಬೆಳಗಿನ ಹೊತ್ತು ಹಾಸಿನ ಪಕ್ಕದ ಬಂಡೆಯ ಮೇಲೆ ಹೊಟ್ಟೆ ಅಡಿ ಮಾಡಿ ಮಲಗಿ ನೋಡಿದೆ. ಕೆಂಬಾಲ ಬಂದದ್ದು ಹದಿಮೂರು. ದಾರ ಇದ್ದದ್ದು ಎರಡಕ್ಕೆ. ಬಾಲಹರಕಿ ಇಲ್ಲ. ಬಂದವೂ ಬಳಲಿ ಬೆಂಡಾಗಿದ್ದವು. ಅರವತ್ತೆರಡು ತೊಟ್ಟಿ ನಾಲ್ಕೈದು ಸಲ ಹತ್ತಿದ ಮೇಲೆ ತತ್ತಿ ಇಡಲು ಕಸುವು ಎಲ್ಲಿರುತ್ತದೆ?

ಈಗ ನನ್ನ ಮಾತು ಕೇಳು, ಇದೊಂದು ಸಲವಾದರೂ. ಇದನ್ನು ವಿಚಾರಣೆಯಲ್ಲಿ ಹೇಳಿದರೆ ಆರು ವರ್ಷದ ಲೆಕ್ಕ ತಪ್ಪು ಅಂತ ನೀನೇ ಒಪ್ಪಿಕೊಂಡ ಹಾಗೆ. ಕೇಳದೆ ಮೀನಿಗೆ ದಾರ ಕಟ್ಟಿದ್ದೂ ಹೊರಗೆ ಬರುತ್ತದೆ. ಆ ಕುರ್ಚಿಯಿಂದ ನಿನ್ನನ್ನು ಎಬ್ಬಿಸುತ್ತಾರೆ. ಬೇಡ. ಹೌದು, ನಾವೇ ಹೆಚ್ಚು ಹಿಡಿದೆವು ಅಂತ ನಾನು ಎದ್ದು ಹೇಳುತ್ತೇನೆ. ನನ್ನ ಪರವಾನಗಿ ಒಂದನ್ನು ಹರಿದು ಹಾಕಲಿ, ಉಳಿದ ಹದಿಮೂರು ಬಿಡಿ ಅಂತ ಕೇಳುತ್ತೇನೆ. ನನಗೆ ಹೇಗೂ ಬಸ್ ಇದೆ. ಗೇಟಿನ ವಿಷಯ ನೀನು ಆಮೇಲೆ ನಿಧಾನಕ್ಕೆ ಸಾಹೇಬರ ಕಿವಿಗೆ ಹಾಕು.

ಅಣ್ಣ


ಜುಲೈ 23

ಅಣ್ಣಾ,

ಇಲ್ಲ.

ನೀನು ಇನ್ನೊಂದು ಸುಳ್ಳು ಹೇಳಿದರೆ ಅದು ಇನ್ನೊಂದು ವರದಿಗೆ ಏರುತ್ತದೆ. ನೀವೇ ಹಿಡಿದಿರಿ ಅಂದ ಮೇಲೆ ಗೇಟು ಯಾರು ಬದಲಿಸುತ್ತಾರೆ? ನಿಧಾನಕ್ಕೆ ಹೇಳು ಅನ್ನುತ್ತೀಯ, ಮೀನಿಗೆ ಅಷ್ಟು ನಿಧಾನ ಇಲ್ಲ. ನಮ್ಮಿಬ್ಬರ ಪತ್ರವೇ ಸೇರಿ ಅವುಗಳನ್ನು ಈ ಗತಿಗೆ ತಂದಿದೆ. ನೀನು ನನ್ನನ್ನು ನಂಬಿ ಕೊಚ್ಚಿಕೊಂಡೆ, ನಾನು ನಿನ್ನನ್ನು ನಂಬಿ ಎಣಿಸಿದೆ.

ನನಗೆ ಕುರ್ಚಿಯ ಆಸೆ ಇಲ್ಲ ಅಂತಲ್ಲ. ತುಂಬಾ ಇದೆ. ಆ ಗಾಜಿನ ಮುಂದೆ ಕೂತರೆ ನನಗೆ ಬೇರೇನೂ ಬೇಡ. ಅದಕ್ಕೇ ಅಲ್ಲಿ ಕೂತು ಸುಳ್ಳು ಲೆಕ್ಕ ಬರೆಯಲಾರೆ.

ಇದರ ಜೊತೆ ಒಂದು ಹಾಳೆ ಇದೆ. ದಾರ, ನಲವತ್ತು, ಐವತ್ತೇಳು, ಒಂದನೇ ಗೇಟು, ಇಪ್ಪತ್ತೆರಡು ಹೆಜ್ಜೆ, ಎಲ್ಲ ಬರೆದು ಸಹಿ ಹಾಕಿದ್ದೇನೆ. ಮಾವನೂ ಕೆಳಗೆ ಸಹಿ ಹಾಕಿದ್ದಾರೆ, ಮಂಡಿಯ ವಿಷಯ ಸೇರಿಸಿ. ಒಂದು ಪ್ರತಿ ಸಾಹೇಬರ ಮೇಜಿನ ಮೇಲೆ ಇಟ್ಟೆ. ಓದಿ ಕನ್ನಡಕ ತೆಗೆದು ಒರೆಸಿದರು. ನನಗೆ ವಿಚಾರಣೆಗೆ ಬರಲು ರಜೆ ಇಲ್ಲವಂತೆ. ನೀನು ಓದು. ಒಂದಕ್ಷರ ಸೇರಿಸಬೇಡ, ನಿನ್ನ ಕೈ ಸುಮ್ಮನಿರುವುದಿಲ್ಲ ಅಂತ ನನಗೆ ಗೊತ್ತು.

ತಂಗಿ


ಆಗಸ್ಟ್ 1

ತಂಗೀ,

ಒಂದಕ್ಷರವೂ ಸೇರಿಸಲಿಲ್ಲ. ಅತ್ತಿಗೆ ಪಕ್ಕದಲ್ಲೇ ಕೂತು ಬೆರಳಿಟ್ಟು ನೋಡುತ್ತಿದ್ದಳು.

ಶಾಲೆಯ ಹಾಲಿನಲ್ಲಿ ಮಕ್ಕಳ ಬೆಂಚು. ಎದುರಿಗೆ ಮೂವರು ಅಧಿಕಾರಿಗಳು, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದರು. ಮೊದಲು ವರದಿಯ ನನ್ನ ಸಾಲನ್ನು ಓದಿದರು, ಬಲೆ ತುಂಬ ಮೀನು ಅಂತ. ನಮ್ಮವರೆಲ್ಲ ತಿರುಗಿ ನನ್ನನ್ನು ನೋಡಿದರು. ಹದಿಮೂರು ದೋಣಿಯವರು, ಯಾರ ಬಲೆಯಲ್ಲೂ ಏನೂ ಇಲ್ಲ, ನನ್ನದು ಮಾತ್ರ ತುಂಬಿದೆ! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಎದ್ದು ನಿಂತು ಹೇಳಿದೆ: "ಅದು ನಾನು ತಂಗಿಗೆ ಹೇಳಿದ ಸುಳ್ಳು ಸಾರ್. ನಾನು ಬಸ್ ತೊಳೀತೀನಿ. ಬೇಕಿದ್ರೆ ಡಿಪೋದವರನ್ನ ಕೇಳಿ." ಹಿಂದಿನಿಂದ ಯಾರೋ ಕಿಸಕ್ ಅಂದರು. ಆಮೇಲೆ ನಿನ್ನ ಹಾಳೆ ಓದಿದೆ. ಐವತ್ತೇಳು ಅನ್ನುವಾಗ ಯಾರೂ ನಗಲಿಲ್ಲ. ನಡುವಿನ ಅಧಿಕಾರಿ ಕೇಳಿದರು, "ಈ ಎಣಿಸಿದವರು ತಮ್ಮ ವಿರುದ್ಧವೇ ಯಾಕೆ ಬರೆದುಕೊಟ್ರು?" ನಾನಂದೆ, "ಅವಳಿಗೆ ಲೆಕ್ಕ ಅಂದ್ರೆ ಲೆಕ್ಕ ಸಾರ್. ಚಿಕ್ಕವಳಿದ್ದಾಗ ನನ್ನ ಪಾಲಿನ ಕಡಲೆಬೀಜವನ್ನೂ ಸರಿಯಾಗೇ ಎಣಿಸಿ ಕೊಡ್ತಿದ್ಲು." ಇದು ಹಾಳೆಯಲ್ಲಿ ಇರಲಿಲ್ಲ. ಕ್ಷಮಿಸು.

ತೀರ್ಮಾನ ಹೀಗೆ: ಪರವಾನಗಿ ರದ್ದು ಈಗಿಲ್ಲ. ಬರುವ ವರ್ಷ ಮೀನು ಹತ್ತುವ ಆರು ವಾರ ಒಂದನೇ ಗೇಟು ಮುಚ್ಚಿ ಏಳನೆಯದನ್ನು ತೆರೆಯುವುದು. ಆಗಲೂ ಕಲ್ಲಿನ ಹಾಸಿನ ತನಕ ಮೀನು ಬರದಿದ್ದರೆ ನಮ್ಮ ಪರವಾನಗಿ ಹೋಗುತ್ತದೆ. ಒಂದು ವರ್ಷದ ಜೀವದಾನ.

ನಿನ್ನ ಕುರ್ಚಿ ಏನಾಯಿತು, ಅದನ್ನು ಬರೆ.

ಅಣ್ಣ


ಆಗಸ್ಟ್ 20

ಅಣ್ಣಾ,

ಕುರ್ಚಿ ಹೋಯಿತು. ಗಾಜಿನ ಮುಂದೆ ಕ್ಯಾಮೆರಾ ಇಟ್ಟಿದ್ದಾರೆ. ಅದು ಪ್ರತಿ ಮೀನಿನ ಗುರುತು ಹಿಡಿಯುತ್ತದಂತೆ, ಆರು ವರ್ಷ ನನಗೆ ಬೇಡ ಅಂದ ಕೆಲಸ. ನನ್ನನ್ನು ಉಗ್ರಾಣಕ್ಕೆ ಹಾಕಿದ್ದಾರೆ. ಬಲ್ಬು, ಕೈಗವಸು, ಗ್ರೀಸಿನ ಡಬ್ಬಿ ಎಣಿಸಿ ಕೊಡುತ್ತೇನೆ. ಇವು ಕೊಟ್ಟ ಮೇಲೆ ಹಿಂದಿನ ಬಾಗಿಲಿನಿಂದ ಮತ್ತೆ ಬರುವುದಿಲ್ಲ, ಅದೊಂದು ಸುಖ. ಬೇಜಾರಾಗಿದೆ. ಆಗಿಲ್ಲ ಅಂದರೆ ನಿನ್ನ ಹಾಗೆ ಬರೆದಂತಾಗುತ್ತದೆ.

ಮಾವನಿಗೆ ಏಳನೇ ಗೇಟಿಗೆ ಹೋಗಲು ಕಚೇರಿಯವರು ಒಂದು ಸೈಕಲ್ ಕೊಟ್ಟಿದ್ದಾರೆ. ಈ ವಯಸ್ಸಿಗೆ ಅಣೆಕಟ್ಟಿನ ಮೇಲೆ ಬೆಲ್ ಹೊಡೆದುಕೊಂಡು ಓಡಾಡುತ್ತಾರೆ. ಕೆಟಲ್ ಹ್ಯಾಂಡಲಿಗೆ ನೇತು ಹಾಕಿಕೊಂಡಿರುತ್ತಾರೆ.

ಬಾಲಹರಕಿಯನ್ನು ಕೊನೆಯ ಸಲ ಕಂಡದ್ದು ಜುಲೈ ಇಪ್ಪತ್ತಾರಕ್ಕೆ. ಒಂಬತ್ತನೇ ಸಲ ಹತ್ತುತ್ತಿದ್ದಳು, ಮೆಲ್ಲಗೆ. ಆಮೇಲೆ ಕಾಣಲಿಲ್ಲ. ನಿಮ್ಮ ಕಡೆ ಹೋದಳೋ, ಬಿದ್ದು ಸತ್ತಳೋ ತಿಳಿಯದು. ಖಾಲಿ ಹಾಳೆಗಳು ಉಳಿದಿದ್ದ ಒಂದು ಹಳೆಯ ರಿಜಿಸ್ಟರ್ ಕೇಳಿ ತಂದಿದ್ದೇನೆ. ಬರುವ ವರ್ಷ ನೀನು ಹಾಸಿನಲ್ಲಿ ಎಣಿಸಿ ಕಳಿಸು, ನಾನು ಬರೆದಿಡುತ್ತೇನೆ. ಕಚೇರಿಗಲ್ಲ, ನನಗೆ.

ತಂಗಿ


ಜೂನ್ 26

ತಂಗೀ,

ಈ ಪತ್ರವನ್ನು ಮೊದಲು ಬೆಕ್ಕಿಗೆ ತೋರಿಸು. ದೋಣಿಯ ಮೇಲಿನ ಬಟ್ಟೆ ತೆಗೆಸಿದೆ, ಟಾರು ಹಚ್ಚಿದೆ. ಡಿಪೋ ಬಿಟ್ಟಿಲ್ಲ, ಮಧ್ಯಾಹ್ನದ ಪಾಳಿ. ಬಲೆ ಬೀಸಲು ಇನ್ನೂ ತಿಂಗಳಿದೆ, ತತ್ತಿ ಇಟ್ಟು ತಿರುಗಿ ಬರಲಿ.

ಏಳನೇ ಗೇಟು ತೆರೆದು ಹದಿನೆಂಟು ದಿನವಾಯಿತು ಅಲ್ಲವೇ? ಇಂದು ಬೆಳಿಗ್ಗೆ ನಾನು, ಅತ್ತಿಗೆ ಇಬ್ಬರೂ ಬಂಡೆಯ ಮೇಲೆ ಮಲಗಿದೆವು. ಪಕ್ಕಪಕ್ಕದಲ್ಲಿ, ಮಾತಾಡದೆ, ಬೇರೆ ಬೇರೆ ಎಣಿಸಬೇಕು ಅಂತ ಅವಳೇ ನಿಯಮ ಮಾಡಿದಳು. ನೀರು ತಿಳಿಯಾಗಿತ್ತು. ಕಲ್ಲು ಕೆದಕುವ ಸದ್ದು ಮೇಲೆ ಕೇಳುತ್ತಿತ್ತು. ಅತ್ತಿಗೆ ನನ್ನ ತೋಳು ಹಿಡಿದು ಒಂದು ಕಡೆ ತೋರಿಸಿದಳು. ಬಾಚಣಿಗೆಯಂಥ ಬಾಲ, ಕಿವಿರಿನ ಹಿಂದೆ ಬಿಳಿ ಚುಕ್ಕೆ, ಬೆನ್ನಿನಲ್ಲಿ ಬಣ್ಣ ಹೋದ ದಾರ. ಅಪ್ಪನ ಗಂಟು ಬಿಚ್ಚಿರಲಿಲ್ಲ. ಕಲ್ಲು ಸರಿಸಿ ಗುಂಡಿ ಮಾಡುತ್ತಿದ್ದಳು.

ನನ್ನ ಲೆಕ್ಕ ನಲವತ್ತೊಂದು. ಅತ್ತಿಗೆಯ ಲೆಕ್ಕ ಮೂವತ್ತನಾಲ್ಕು. ನಾನು ಎಷ್ಟು ವಾದ ಮಾಡಿದರೂ ಅವಳು ಜಗ್ಗಲಿಲ್ಲ.

ಮೂವತ್ತನಾಲ್ಕು ಅಂತಲೇ ಬರೆದುಕೋ. ಬಾಲಹರಕಿಯನ್ನು ಇಬ್ಬರೂ ಒಂದೇ ಸಲ ಎಣಿಸಿದ್ದೇವೆ.

ಅಣ್ಣ